ಎರಡು ಕಡೆ ಕಿವಿಗೊಡುವ ಪ್ರೋಗ್ರಾಂ: ಅಸಿಂಕ್ರೊನಸ್ ಚಾಟ್ ಕ್ಲೈಂಟ್ ಕಟ್ಟುವ ಬಗೆ

ಚಾಟ್ ಕ್ಲೈಂಟ್ ಎಂದರೆ ಬಳಕೆದಾರರ ಫೋನಿನಲ್ಲೋ ಕಂಪ್ಯೂಟರಿನಲ್ಲೋ ಇದ್ದುಕೊಂಡು, ಅವರು ಟೈಪ್ ಮಾಡಿದ್ದನ್ನು ಸರ್ವರ್‌ಗೆ ಮುಟ್ಟಿಸುವ, ಸರ್ವರ್‌ನಿಂದ ಬಂದದ್ದನ್ನು ತೆರೆಯ ಮೇಲೆ ತೋರಿಸುವ ಪ್ರೋಗ್ರಾಂ. ಕೆಲಸ ಇಷ್ಟೇ. ಆದರೆ ಅದರೊಳಗೆ ಒಂದು ತೊಡಕಿದೆ. ಚಿನ್ನದ ಗಣಿಯ ಊರಾದ ಹಟ್ಟಿಯ ಕ್ಯಾಂಪಿನ ಮನೆಯಲ್ಲಿರುವ ತಾಯಿ ಬೆಂಗಳೂರಿನ ಮಗನಿಗೆ ನಾಲ್ಕು ಸಾಲು ಟೈಪ್ ಮಾಡುತ್ತಿರುವಾಗಲೇ ಅವನ ಕಡೆಯಿಂದ ಇನ್ನೆರಡು ಸಂದೇಶ ಬಂದು ಬೀಳಬಹುದು. ಅಥವಾ ಇಬ್ಬರೂ ಅರ್ಧ ಗಂಟೆ ಸುಮ್ಮನಿರಬಹುದು. ಮುಂದೆ ಯಾವುದು ನಡೆಯುತ್ತದೆ, ಯಾವಾಗ ನಡೆಯುತ್ತದೆ ಎಂಬುದು ಪ್ರೋಗ್ರಾಂ ಬರೆಯುವವರಿಗೆ ಗೊತ್ತಿರುವುದಿಲ್ಲ. ಕೀಬೋರ್ಡ್ ಮತ್ತು ನೆಟ್‌ವರ್ಕ್ ಎರಡರ ಕಡೆಗೂ ಏಕಕಾಲಕ್ಕೆ ಕಿವಿಗೊಟ್ಟಿರಬೇಕು. ಒಂದಕ್ಕಾಗಿ ಕಾಯುತ್ತಾ ಇನ್ನೊಂದನ್ನು ಮರೆಯಬಾರದು.

ಕಲಿಕೆಯ ಶುರುವಿನಲ್ಲಿ ಎಲ್ಲರೂ ಬರೆಯುವ, ಒಂದಾದ ಮೇಲೊಂದು ಸಾಲು ನಡೆಯುವ ಪ್ರೋಗ್ರಾಂಗೆ ಇದು ಆಗದ ಮಾತು. ‘ಕೀಬೋರ್ಡಿನಿಂದ ಒಂದು ಸಾಲು ಓದು’ ಎಂದು ಹೇಳಿದ ಕೂಡಲೇ ಆಪರೇಟಿಂಗ್ ಸಿಸ್ಟಂ ಆ ಪ್ರೋಗ್ರಾಮನ್ನು ಮಲಗಿಸುತ್ತದೆ. ಎಂಟರ್ ಒತ್ತುವವರೆಗೆ ಅದು ಏಳುವುದಿಲ್ಲ. ಅಷ್ಟರಲ್ಲಿ ಬಂದ ಸಂದೇಶಗಳು ಕಳೆದುಹೋಗುವುದಿಲ್ಲ ನಿಜ. ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನಲ್‌ನ ಬಫರ್‌ನಲ್ಲಿ, ಅಂದರೆ ತಾತ್ಕಾಲಿಕ ಜಾಗದಲ್ಲಿ, ಸಾಲಾಗಿ ಕೂತಿರುತ್ತವೆ. ಆದರೆ ಯಾರೂ ಅವನ್ನು ಎತ್ತಿ ತೋರಿಸುವುದಿಲ್ಲ. ತಾಯಿ ಏನಾದರೂ ಟೈಪ್ ಮಾಡಿ ಕಳಿಸಿದಾಗ ಮಾತ್ರ ಮಗನ ಹಳೆಯ ಸಂದೇಶ ಕಾಣಿಸುವ ಚಾಟ್ ಅದು. ಉಪಯೋಗಕ್ಕೆ ಬಾರದು.

ಇದಕ್ಕೆ ಎರಡು ದಾರಿಗಳಿವೆ. ಮೊದಲನೆಯದು ಥ್ರೆಡ್, ಅಂದರೆ ಒಂದೇ ಪ್ರೋಗ್ರಾಮಿನೊಳಗೆ ಜೊತೆಜೊತೆಯಾಗಿ ಓಡುವ ಎಳೆಗಳು: ಒಂದು ಥ್ರೆಡ್ ಕೀಬೋರ್ಡಿಗಾಗಿ ಕಾಯಲಿ, ಇನ್ನೊಂದು ನೆಟ್‌ವರ್ಕಿಗಾಗಿ ಕಾಯಲಿ ಎಂಬ ಏರ್ಪಾಡು. ಕಾಯಬೇಕಾದವು ಎರಡೇ ಆಗಿದ್ದರೆ ಇದು ಸಾಕು. ಆದರೆ ಸಂಪರ್ಕ ಜೀವಂತವಾಗಿದೆಯೇ ಎಂದು ಆಗಾಗ ನೋಡುವ ಟೈಮರ್, ಕಡಿದುಹೋದರೆ ಮತ್ತೆ ಜೋಡಿಸುವ ಕೆಲಸ, ಬಳಕೆದಾರರು ಹೊರಟಾಗ ಎಲ್ಲವನ್ನೂ ನಿಲ್ಲಿಸುವ ಕೆಲಸ ಸೇರಿಕೊಂಡಂತೆ ಥ್ರೆಡ್‌ಗಳು ಕೈಮೀರತೊಡಗುತ್ತವೆ. ಓದುತ್ತಾ ಮಲಗಿರುವ ಥ್ರೆಡ್ಡನ್ನು ಹೊರಗಿನಿಂದ ಎಬ್ಬಿಸಿ ‘ನಿನ್ನ ಕೆಲಸ ಮುಗಿಯಿತು’ ಎಂದು ಹೇಳಲು ಸುಲಭದ ಉಪಾಯವಿಲ್ಲ. ಎರಡು ಥ್ರೆಡ್‌ಗಳು ಒಂದೇ ಪಟ್ಟಿಯನ್ನು ತಿದ್ದಿದಾಗ ಆಗುವ ಎಡವಟ್ಟು ನೂರು ಸಲ ಓಡಿಸಿದರೂ ಕಾಣದೆ, ನೂರಾ ಒಂದನೇ ಸಲ ಕಾಣಿಸುವಂಥದ್ದು.

ಎರಡನೆಯ ದಾರಿ ಅಸಿಂಕ್ರೊನಸ್. ಇಲ್ಲಿ ಥ್ರೆಡ್ ಒಂದೇ. ಅದು ಯಾವುದೋ ಒಂದಕ್ಕಾಗಿ ಮಲಗುವ ಬದಲು, ‘ಇವುಗಳಲ್ಲಿ ಯಾವುದು ಸಿದ್ಧವಾದರೂ ಎಬ್ಬಿಸು’ ಎಂದು ಆಪರೇಟಿಂಗ್ ಸಿಸ್ಟಂಗೆ ಒಂದು ಪಟ್ಟಿ ಕೊಟ್ಟು ಮಲಗುತ್ತದೆ. ಈ ಸೌಲಭ್ಯ ಹಳೆಯದು. 1983ರ ಬರ್ಕ್ಲಿ ಯುನಿಕ್ಸ್‌ನ 4.2 ಆವೃತ್ತಿಯಲ್ಲಿ ‘ಸೆಲೆಕ್ಟ್’ ಎಂಬ ಕರೆಯಾಗಿ ಅದು ಬಂತು. ಇಂಟರ್ನೆಟ್ ಬೆಳೆದಂತೆ ಸಾವಿರಾರು ಸಂಪರ್ಕಗಳ ಪಟ್ಟಿಯನ್ನು ಪ್ರತಿ ಸಲ ಮೊದಲಿನಿಂದ ಕೊನೆಯವರೆಗೆ ನೋಡುವುದು ಭಾರವಾಯಿತು. ಒಂದೇ ಸರ್ವರ್ ಹತ್ತು ಸಾವಿರ ಗ್ರಾಹಕರನ್ನು ನಿಭಾಯಿಸುವುದು ಹೇಗೆ ಎಂಬ ಪ್ರಶ್ನೆಯನ್ನು ಡ್ಯಾನ್ ಕೆಗೆಲ್ 1999ರಲ್ಲಿ ಎತ್ತಿದರು. 2000ದಲ್ಲಿ ಫ್ರೀಬಿಎಸ್‌ಡಿಯ ‘ಕೆಕ್ಯೂ’, 2002ರಲ್ಲಿ ಲಿನಕ್ಸ್‌ನ ‘ಈಪೋಲ್’ ಅದಕ್ಕೆ ಉತ್ತರವಾಗಿ ಬಂದವು. ವಿಂಡೋಸ್‌ನ ಏರ್ಪಾಡು ಇವೆರಡಕ್ಕಿಂತ ಬೇರೆ. ಒಂದೊಂದು ಸಿಸ್ಟಂಗೆ ಒಂದೊಂದು ರೀತಿ ಬರೆಯುವ ಗೋಜನ್ನು ತಪ್ಪಿಸುವುದೇ ಲೈಬ್ರರಿಯ ಕೆಲಸ. ಸಿ ಪ್ಲಸ್ ಪ್ಲಸ್‌ನಲ್ಲಿ ಕ್ರಿಸ್ಟೋಫರ್ ಕೋಲ್‌ಹಾಫ್ ಅವರ ಏಸಿಯೋ ಲೈಬ್ರರಿ 2008ರಲ್ಲಿ ಬೂಸ್ಟ್ ಸಂಗ್ರಹಕ್ಕೆ ಸೇರಿತು. 2009ರಲ್ಲಿ ನೋಡ್ ಜೆಎಸ್ ಬಂತು. ಪೈಥಾನ್‌ಗೆ ‘ಅಸಿಂಕ್‌ಐಒ’ 2014ರ 3.4 ಆವೃತ್ತಿಯೊಂದಿಗೆ ಬಂದರೆ, ಅದನ್ನು ಹಗುರವಾಗಿ ಬಳಸಲು ಬೇಕಾದ ‘ಅಸಿಂಕ್’ ಮತ್ತು ‘ಅವೇಟ್’ ಎಂಬ ಪದಗಳು 2015ರ 3.5 ಆವೃತ್ತಿಯಲ್ಲಿ ಸಿಕ್ಕವು. ಪೈಥಾನ್ ಹಾಕಿಕೊಂಡವರಿಗೆ ಅಸಿಂಕ್‌ಐಒ ಜೊತೆಗೇ ಸಿಗುತ್ತದೆ, ಬೇರೇನನ್ನೂ ಇಳಿಸಿಕೊಳ್ಳಬೇಕಿಲ್ಲ. ಡೇಟಾ ಲೆಕ್ಕ ಹಾಕಿ ಬಳಸುವ ವಿದ್ಯಾರ್ಥಿಗೆ ಇದು ಸಣ್ಣ ಅನುಕೂಲವಲ್ಲ. ಇಲ್ಲಿಯ ವಿವರಣೆ ಅದನ್ನೇ ಹಿಡಿದು ಸಾಗುತ್ತದೆ. ಉಳಿದ ಲೈಬ್ರರಿಗಳಲ್ಲಿ ಹೆಸರು ಬೇರೆಯಾದರೂ ತತ್ವ ಅದೇ.

ಈ ಲೈಬ್ರರಿಯ ನಡುಗಂಬ ‘ಇವೆಂಟ್ ಲೂಪ್’. ಅದು ಮುಗಿಯದೆ ಸುತ್ತುವ ಒಂದು ಲೂಪ್. ಪ್ರತಿ ಸುತ್ತಿನಲ್ಲೂ ಅದು ಮೂರು ಕೆಲಸ ಮಾಡುತ್ತದೆ. ಮುಂದಿನ ಟೈಮರ್‌ಗೆ ಇನ್ನೆಷ್ಟು ಹೊತ್ತಿದೆ ಎಂದು ನೋಡುತ್ತದೆ. ಅಷ್ಟು ಹೊತ್ತು ಮೀರದಂತೆ ಆಪರೇಟಿಂಗ್ ಸಿಸ್ಟಂ ಬಳಿ ‘ಯಾರಾದರೂ ಸಿದ್ಧರಿದ್ದಾರಾ’ ಎಂದು ಕೇಳಿ ಕಾಯುತ್ತದೆ. ಸಿದ್ಧವಾದವುಗಳಿಗೆ ಸಂಬಂಧಿಸಿದ ಕೆಲಸಗಳನ್ನು ಒಂದೊಂದಾಗಿ ನಡೆಸುತ್ತದೆ. ಈ ಕೆಲಸಗಳು ಸಾಮಾನ್ಯ ಫಂಕ್ಷನ್‌ಗಳಲ್ಲ, ಕೊರೂಟೀನ್‌ಗಳು. ಸಾಮಾನ್ಯ ಫಂಕ್ಷನ್ ಒಮ್ಮೆ ಶುರುವಾದರೆ ಮುಗಿದೇ ಹೊರಬರುತ್ತದೆ. ಕೊರೂಟೀನ್ ಹಾಗಲ್ಲ, ‘ಅವೇಟ್’ ಎಂದು ಬರೆದ ಜಾಗದಲ್ಲಿ ನಿಂತು, ಲೂಪ್‌ಗೆ ದಾರಿ ಬಿಟ್ಟುಕೊಟ್ಟು, ತಾನು ಕಾಯುತ್ತಿದ್ದದ್ದು ಸಿಕ್ಕಮೇಲೆ ಅದೇ ಸಾಲಿನಿಂದ ಮುಂದುವರಿಯುತ್ತದೆ. ಅದರ ಒಳಗಿನ ವೇರಿಯಬಲ್‌ಗಳು ಅಲ್ಲಿಯವರೆಗೆ ಹಾಗೇ ಉಳಿದಿರುತ್ತವೆ.

ಇದರಿಂದ ಒಂದು ಕಟ್ಟುನಿಟ್ಟಿನ ನಿಯಮ ಹುಟ್ಟುತ್ತದೆ: ಕೊರೂಟೀನಿನ ಒಳಗೆ ಯಾರೂ ಲೂಪನ್ನು ತಡೆದು ನಿಲ್ಲಿಸಬಾರದು. ‘ಟೈಮ್’ ಲೈಬ್ರರಿಯ ಸ್ಲೀಪ್ ಕರೆದರೆ ಇಡೀ ಕ್ಲೈಂಟ್ ಮಲಗುತ್ತದೆ, ಅಸಿಂಕ್‌ಐಒದ ಸ್ಲೀಪ್ ಕರೆದು ಅವೇಟ್ ಮಾಡಿದರೆ ಆ ಒಂದು ಕೊರೂಟೀನ್ ಮಾತ್ರ ಮಲಗುತ್ತದೆ. ಅವೇಟ್ ಬರೆಯುವುದನ್ನೇ ಮರೆತರೆ ಕೊರೂಟೀನ್ ಶುರುವಾಗುವುದೇ ಇಲ್ಲ. ಅದಕ್ಕೆ ಅವೇಟ್ ಮಾಡಿಯೇ ಇಲ್ಲ ಎಂಬ ಎಚ್ಚರಿಕೆಯನ್ನು ಪೈಥಾನ್ ತೋರಿಸುತ್ತದೆ. ಹೊಸಬರು ಆ ಸಾಲನ್ನು ಓದದೆ ಮುಂದೆ ಹೋಗುವುದೇ ಹೆಚ್ಚು.

ಚಾಟ್ ಕ್ಲೈಂಟ್ ಬರೆಯುವವರನ್ನು ಈ ನಿಯಮ ಮೊದಲ ದಿನವೇ ತಡೆಯುತ್ತದೆ. ಪೈಥಾನಿನ ‘ಇನ್‌ಪುಟ್’ ಲೂಪನ್ನು ತಡೆಯುವ ಕರೆ. ಅದನ್ನು ನೇರವಾಗಿ ಬಳಸುವಂತಿಲ್ಲ. 3.9 ಆವೃತ್ತಿಯಿಂದ ಇರುವ ‘ಟು ಥ್ರೆಡ್’ ಎಂಬ ಸೌಲಭ್ಯ ಆ ಕರೆಯನ್ನು ಬೇರೊಂದು ಥ್ರೆಡ್ಡಿಗೆ ಹಾಕಿ, ಉತ್ತರ ಬಂದಾಗ ಕೊರೂಟೀನನ್ನು ಎಬ್ಬಿಸುತ್ತದೆ. ಕಪ್ಪು ತೆರೆಯ ಟರ್ಮಿನಲ್ ಕ್ಲೈಂಟಿಗೆ ಇದು ಸಾಕಾಗುತ್ತದೆ. ಒಂದು ಕೊರತೆ ಮಾತ್ರ ಉಳಿಯುತ್ತದೆ: ಕ್ಲೈಂಟ್ ಮುಚ್ಚಲು ಹೊರಟಾಗ ಆ ಥ್ರೆಡ್ ಇನ್ನೂ ಎಂಟರ್‌ಗಾಗಿ ಕಾಯುತ್ತಿರುತ್ತದೆ. ಬಳಕೆದಾರರು ಕೀಲಿ ಒತ್ತುವವರೆಗೆ ಪ್ರೋಗ್ರಾಂ ಮುಚ್ಚುವುದೇ ಇಲ್ಲ. ಲಿನಕ್ಸ್‌ನಲ್ಲಿ ಕೀಬೋರ್ಡನ್ನೇ ಲೂಪಿನ ಪಟ್ಟಿಗೆ ಸೇರಿಸಿ ಇದನ್ನು ತಪ್ಪಿಸಬಹುದು. ಗುಂಡಿ, ಕಿಟಕಿಗಳಿರುವ ಕ್ಲೈಂಟಿನಲ್ಲಿ ಈ ಪ್ರಶ್ನೆಯೇ ಏಳುವುದಿಲ್ಲ, ಅಲ್ಲಿ ಕೀಲಿಗಳೂ ಲೂಪಿಗೇ ಬರುತ್ತವೆ.

ಹೀಗೆ ಕ್ಲೈಂಟಿನೊಳಗೆ ಮೂರು ಮುಖ್ಯ ಕೊರೂಟೀನ್‌ಗಳು ರೂಪುಗೊಳ್ಳುತ್ತವೆ. ಒಂದು ನೆಟ್‌ವರ್ಕಿನಿಂದ ಓದುವುದು, ಒಂದು ಅದಕ್ಕೆ ಬರೆಯುವುದು, ಒಂದು ಸಂಪರ್ಕ ಜೀವಂತವಾಗಿದೆಯೇ ಎಂದು ಆಗಾಗ ನೋಡುವುದು. ಅವಕ್ಕೆ ‘ಕೇಳು’, ‘ಕಳಿಸು’, ‘ಮಿಡಿ’ ಎಂದು ಕನ್ನಡದಲ್ಲೇ ಹೆಸರಿಡಬಹುದು. 2008ರಲ್ಲಿ ಬಂದ ಪೈಥಾನ್ 3ರಿಂದ ಫಂಕ್ಷನ್ ಮತ್ತು ವೇರಿಯಬಲ್‌ಗಳ ಹೆಸರಲ್ಲಿ ಕನ್ನಡ ಅಕ್ಷರಗಳಿಗೆ, ಕಾಗುಣಿತದ ಚಿಹ್ನೆಗಳಿಗೆ, ಒತ್ತಕ್ಷರಗಳಿಗೆ ಅಡ್ಡಿಯಿಲ್ಲ. ಭಾಷೆಯ ಸ್ವಂತ ಪದಗಳಷ್ಟೇ ಇಂಗ್ಲಿಷಿನಲ್ಲಿ ಉಳಿಯುತ್ತವೆ. ಅರ್ಧಾಕ್ಷರವನ್ನು ಮುಂದಿನ ಅಕ್ಷರಕ್ಕೆ ಕೂಡದಂತೆ ಬಿಡಿಸಿಡುವ ಕಣ್ಣಿಗೆ ಕಾಣದ ಯೂನಿಕೋಡ್ ಚಿಹ್ನೆಯೊಂದಿದೆಯಲ್ಲ, ಅದು ಹೆಸರಿನೊಳಗೆ ಬಂದರೆ ಪೈಥಾನ್ ತಪ್ಪು ಎನ್ನುತ್ತದೆ. ಕನ್ನಡ ಮಾಧ್ಯಮದಲ್ಲಿ ಓದಿ ಬಂದ ವಿದ್ಯಾರ್ಥಿಗೆ ಲೂಪಿನ ಹರಿವನ್ನು ವಿವರಿಸುವಾಗ ಈ ಸೌಲಭ್ಯವನ್ನು ಧಾರಾಳವಾಗಿ ಬಳಸಬೇಕು. ವಿಷಯವೇ ಕಷ್ಟದ್ದಿರುವಾಗ ಹೆಸರುಗಳ ಭಾರವನ್ನಾದರೂ ಇಳಿಸಬಹುದು.

ಮೊದಲ ಕೆಲಸ ಸಂಪರ್ಕ. ‘ಓಪನ್ ಕನೆಕ್ಷನ್’ ಎಂಬ ಕರೆಗೆ ಸರ್ವರ್‌ನ ಹೆಸರು ಮತ್ತು ಪೋರ್ಟ್ ಸಂಖ್ಯೆ ಕೊಟ್ಟು ಅವೇಟ್ ಮಾಡಿದರೆ ‘ರೀಡರ್’ ಮತ್ತು ‘ರೈಟರ್’ ಎಂಬ ಎರಡು ವಸ್ತುಗಳು ಸಿಗುತ್ತವೆ. ಅದರ ಹಿಂದೆ ಹೆಸರಿನಿಂದ ಐಪಿ ವಿಳಾಸ ಹುಡುಕುವ, ಎರಡು ಯಂತ್ರಗಳ ನಡುವೆ ಬೈಟ್ ಸಾಗಿಸುವ ಟಿಸಿಪಿಯ ಮೂರು ಹೆಜ್ಜೆಯ ಪರಿಚಯ ಮುಗಿಸುವ ಕೆಲಸಗಳೆಲ್ಲ ನಡೆದಿರುತ್ತವೆ. ಆ ಕಡೆಯ ಯಂತ್ರ ಉತ್ತರವನ್ನೇ ಕೊಡದಿದ್ದರೆ ಲಿನಕ್ಸ್ ತನ್ನ ರೂಢಿಯಂತೆ ಎರಡು ನಿಮಿಷಕ್ಕೂ ಹೆಚ್ಚು ಹೊತ್ತು ಮತ್ತೆ ಮತ್ತೆ ಪ್ರಯತ್ನಿಸುತ್ತದೆ. ಫೋನ್ ಹಿಡಿದು ಕೂತವರು ಅಷ್ಟು ಹೊತ್ತು ಕಾಯುವುದಿಲ್ಲ. ಹಾಗಾಗಿ ಈ ಅವೇಟನ್ನು ಹತ್ತು ಸೆಕೆಂಡಿನ ಟೈಮ್‌ಔಟ್ ಒಳಗೆ ಇಡಬೇಕು, 3.11 ಆವೃತ್ತಿಯಿಂದ ಅದಕ್ಕೊಂದು ಸರಳವಾದ ಕಟ್ಟು ಇದೆ.

ಸಂಪರ್ಕ ಸಿಕ್ಕಿತು. ಈಗ ಓದಬೇಕು. ಚಾಟ್ ಬರೆಯುವವರು ಅತಿ ಹೆಚ್ಚು ಎಡವುವ ಜಾಗ ಇದು, ಅದರಲ್ಲೂ ಕನ್ನಡ ಬಳಸುವ ಚಾಟ್‌ನಲ್ಲಿ.

1981ರಲ್ಲಿ ಪ್ರಕಟವಾದ ಟಿಸಿಪಿ ನಿಯಮಾವಳಿ ಕೊಡುವ ಭರವಸೆ ಒಂದೇ: ಈ ತುದಿಯಲ್ಲಿ ಹಾಕಿದ ಬೈಟ್‌ಗಳು ಅದೇ ಕ್ರಮದಲ್ಲಿ ಆ ತುದಿಯಲ್ಲಿ ಬರುತ್ತವೆ. ಸಂದೇಶ ಎಂಬ ಕಲ್ಪನೆಯೇ ಅದಕ್ಕಿಲ್ಲ. ಮಗ ‘ಊಟ ಆತೇನವ್ವ’ ಎಂದು ಕಳಿಸಿ, ಹಿಂದೆಯೇ ‘ಬಸ್ ಹತ್ತೀನಿ’ ಎಂದು ಕಳಿಸಿದರೆ ತಾಯಿಯ ಕ್ಲೈಂಟಿಗೆ ಒಂದೇ ಓದಿನಲ್ಲಿ ‘ಊಟ ಆತೇನವ್ವಬಸ್ ಹತ್ತೀನಿ’ ಎಂದು ಕೂಡಿಕೊಂಡು ಬರಬಹುದು. ಮೊದಲನೆಯದರ ಅರ್ಧ ಒಂದು ಸಲ, ಉಳಿದರ್ಧದ ಜೊತೆ ಎರಡನೆಯದು ಇನ್ನೊಂದು ಸಲ ಬಂದರೂ ಬರಬಹುದು. ಒಂದೇ ಕಂಪ್ಯೂಟರಿನಲ್ಲಿ ಸರ್ವರನ್ನೂ ಕ್ಲೈಂಟನ್ನೂ ಇಟ್ಟು ಪರೀಕ್ಷಿಸುವಾಗ ಒಂದು ಕಳಿಸುವಿಕೆ ಸಾಮಾನ್ಯವಾಗಿ ಒಂದು ಓದಾಗಿಯೇ ಬರುತ್ತದೆ. ಅದೇ ಮೋಸ. ಸಿಗ್ನಲ್ ಕುಗ್ಗಿದ ಮೊಬೈಲ್ ಜಾಲದಲ್ಲಿ ಓಡಿಸಿದಾಗ ಅದು ಹರಿದು ಬರತೊಡಗುತ್ತದೆ.

ಎಲ್ಲಿ ಬೇಕಾದರೂ ಹರಿಯಬಹುದು ಎಂಬುದರ ಅರ್ಥ ಬೈಟ್ ಮಟ್ಟಕ್ಕೆ ಇಳಿದು ನೋಡಿದರೆ ತಿಳಿಯುತ್ತದೆ. ‘ಹಟ್ಟಿ’ ಕಣ್ಣಿಗೆ ಎರಡು ಅಕ್ಷರ. ಯೂನಿಕೋಡ್‌ನಲ್ಲಿ ಅದು ಐದು ಸಂಕೇತ: ಹ, ಟ, ವಿರಾಮ (ಅರ್ಧಾಕ್ಷರದ) ಚಿಹ್ನೆ, ಮತ್ತೆ ಟ, ಗುಡಿಸು. ಜಾಲದಲ್ಲಿ ಸಾಗುವ ಯುಟಿಎಫ್-8 ರೂಪದಲ್ಲಿ ಪ್ರತಿ ಕನ್ನಡ ಸಂಕೇತಕ್ಕೂ ಮೂರು ಬೈಟ್. ಒಟ್ಟು ಹದಿನೈದು. ಅವನ್ನು ಸಂಖ್ಯೆಗಳಾಗಿ ಬರೆದರೆ 224, 178, 185. 224, 178, 159. 224, 179, 141. 224, 178, 159. 224, 178, 191. ಕನ್ನಡದ ಯಾವ ಸಂಕೇತವಾದರೂ ಮೊದಲ ಬೈಟ್ 224, ಎರಡನೆಯದು 178 ಇಲ್ಲವೇ 179. ಈಗ ಈ ಹದಿನೈದರಲ್ಲಿ ಎಂಟು ಬೈಟ್ ಮಾತ್ರ ಮೊದಲ ಓದಿಗೆ ಸಿಕ್ಕವು ಎಂದುಕೊಳ್ಳಬಹುದು. ವಿರಾಮ ಚಿಹ್ನೆಯ ಎರಡು ಬೈಟ್ ಬಂದಿವೆ, ಮೂರನೆಯದು ದಾರಿಯಲ್ಲಿದೆ. ಬಂದಷ್ಟನ್ನೇ ಅಕ್ಷರಕ್ಕೆ ತಿರುಗಿಸಲು ಹೊರಟರೆ ಪೈಥಾನ್ ತಪ್ಪು ಎಂದು ನಿಲ್ಲುತ್ತದೆ. ತಪ್ಪಿದ್ದಲ್ಲಿ ಬದಲಿ ಗುರುತು ಹಾಕು ಎಂದು ಹೇಳಿದ್ದರೆ ಕಪ್ಪು ವಜ್ರಾಕೃತಿಯೊಳಗೆ ಪ್ರಶ್ನೆ ಚಿಹ್ನೆಯಿರುವ ಗುರುತನ್ನು ಹಾಕಿ ಮುಂದೆ ಹೋಗುತ್ತದೆ. ಮೂರನೆಯ ಬೈಟ್ ಬಂದಾಗ ಅದೂ ಒಂಟಿಯಾಗಿ ಇನ್ನೊಂದು ಅಂಥದೇ ಗುರುತಾಗುತ್ತದೆ. ‘ಹಟ್ಟಿ’ ಇದ್ದಲ್ಲಿ ಹ, ಟ, ಎರಡು ವಜ್ರ, ಟಿ. ಬರೀ ಇಂಗ್ಲಿಷ್ ಅಕ್ಷರಗಳಲ್ಲಿ ಪರೀಕ್ಷಿಸಿದವರಿಗೆ ಇದು ಎಂದೂ ಕಾಣುವುದಿಲ್ಲ, ಅಲ್ಲಿ ಅಕ್ಷರಕ್ಕೆ ಒಂದೇ ಬೈಟ್. ಹೊರಗಿನವರು ಬರೆದ ಎಷ್ಟೋ ಸಲಕರಣೆಗಳು ಕನ್ನಡಕ್ಕೆ ಬಂದಾಗ ಮುಗ್ಗರಿಸುವುದು ಇಂಥ ಕಡೆಗಳಲ್ಲೇ.

ಪರಿಹಾರ ಕ್ರಮದಲ್ಲಿದೆ: ಮೊದಲು ಬೈಟ್‌ಗಳನ್ನು ಕೂಡಿಡಬೇಕು, ಸಂದೇಶದ ಕೊನೆಯನ್ನು ಬೈಟ್‌ಗಳಲ್ಲೇ ಗುರುತಿಸಬೇಕು, ಆಮೇಲೆ ಅಕ್ಷರಕ್ಕೆ ತಿರುಗಿಸಬೇಕು. ಕೊನೆಯನ್ನು ಗುರುತಿಸಲು ಸರಳವಾದ ಉಪಾಯ ಪ್ರತಿ ಸಂದೇಶದ ಕೊನೆಗೆ ಹೊಸ ಸಾಲಿನ ಬೈಟ್, ಅಂದರೆ 10, ಹಾಕುವುದು. ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ 1992ರಲ್ಲಿ ರೂಪಿಸಿದ ಯುಟಿಎಫ್-8ರಲ್ಲಿ ಬಹುಬೈಟ್ ಸಂಕೇತದ ಪ್ರತಿ ಬೈಟೂ 128 ಅಥವಾ ಅದಕ್ಕಿಂತ ದೊಡ್ಡದು. ಆದ್ದರಿಂದ ಕನ್ನಡ ಅಕ್ಷರದ ಹೊಟ್ಟೆಯೊಳಗೆ ಅಕಸ್ಮಾತ್ತಾಗಿ 10 ಬಂದು ಸಂದೇಶ ತುಂಡಾಗುವ ಭಯವಿಲ್ಲ. ಅಸಿಂಕ್‌ಐಒದ ರೀಡರ್‌ನಲ್ಲಿರುವ ‘ರೀಡ್‌ಲೈನ್’ ಇದನ್ನೇ ಮಾಡುತ್ತದೆ: 10 ಸಿಗುವವರೆಗೆ ಕೂಡಿಡುತ್ತಾ ಹೋಗಿ ಪೂರ್ತಿ ಸಾಲು ಕೊಡುತ್ತದೆ. ಖಾಲಿ ಉತ್ತರ ಬಂದರೆ ಆ ಕಡೆಯವರು ಸಂಪರ್ಕ ಮುಚ್ಚಿದ್ದಾರೆ ಎಂದರ್ಥ. ಇದನ್ನು ನೋಡದೆ ಬಿಟ್ಟರೆ ‘ಕೇಳು’ ಕೊರೂಟೀನ್ ಖಾಲಿ ಸಾಲುಗಳನ್ನು ಕೊನೆಯಿಲ್ಲದೆ ಓದುತ್ತಾ ಲೂಪನ್ನೇ ನುಂಗಿಬಿಡುತ್ತದೆ. ರೂಢಿಯಂತೆ ಸಾಲಿನ ಮಿತಿ 64 ಕಿಲೋಬೈಟ್. ಅದನ್ನು ಮೀರಿದರೆ ತಪ್ಪು ಎಸೆಯುತ್ತದೆ. ಈ ಮಿತಿಯನ್ನು ತೆಗೆಯಬಾರದು. ಹೊಸ ಸಾಲನ್ನೇ ಹಾಕದೆ ಬೈಟ್ ಸುರಿಯುವ ಯಾವುದೋ ಕೆಟ್ಟ ಯಂತ್ರ ಮೆಮೊರಿಯನ್ನೆಲ್ಲ ತುಂಬಿಬಿಡದಂತೆ ಕಾಯುವುದು ಅದೇ.

ಇನ್ನೊಂದು ಉಪಾಯ ಉದ್ದವನ್ನು ಮೊದಲೇ ಹೇಳುವುದು. ಬೂಸ್ಟ್ ಏಸಿಯೋ ಜೊತೆ ಬರುವ ಚಾಟ್ ಉದಾಹರಣೆಯಲ್ಲಿ ನಾಲ್ಕು ಬೈಟಿನ ತಲೆಬರಹ ಒಳಗಿನ ಮಾತಿನ ಉದ್ದ ಹೇಳುತ್ತದೆ, ಮಾತಿಗೆ 512 ಬೈಟ್ ಮಿತಿ. ಉದ್ದವನ್ನು ಬೈಟ್‌ನಲ್ಲಿ ಎಣಿಸಬೇಕೇ ಹೊರತು ಅಕ್ಷರದಲ್ಲಲ್ಲ. ‘ಹಟ್ಟಿ’ಗೆ 5 ಎಂದು ಬರೆದು ಹದಿನೈದು ಬೈಟ್ ಕಳಿಸಿದರೆ ಉಳಿದ ಹತ್ತು ಮುಂದಿನ ಸಂದೇಶದ ತಲೆಬರಹವಾಗಿ ಓದಲ್ಪಟ್ಟು, ಅಲ್ಲಿಂದಾಚೆ ಎಲ್ಲವೂ ಕಲಸಿಹೋಗುತ್ತದೆ. ಫಿನ್ಲೆಂಡಿನ ಔಲು ನಗರದಲ್ಲಿ ಯಾರ್ಕೊ ಓಯ್ಕರಿನೆನ್ 1988ರಲ್ಲಿ ಶುರುಮಾಡಿದ ಐಆರ್‌ಸಿ ಚಾಟ್‌ನ 1993ರ ನಿಯಮಾವಳಿಯಲ್ಲೂ ಸಂದೇಶಕ್ಕೆ 512 ಬೈಟ್ ಮಿತಿ, ಕೊನೆಯ ಎರಡು ಬೈಟ್ ಸೇರಿ. ಇಂಗ್ಲಿಷಿನಲ್ಲಿ ಒಂದು ಚಿಕ್ಕ ಪ್ಯಾರಾ ಹಿಡಿಯುವ ಆ ಜಾಗದಲ್ಲಿ ಹೆಚ್ಚೆಂದರೆ 170 ಕನ್ನಡ ಸಂಕೇತ ಹಿಡಿಯುತ್ತವೆ. ‘ಸ್ತ್ರೀ’ ಎಂಬ ಒಂದೇ ಅಕ್ಷರಕ್ಕೆ ಆರು ಸಂಕೇತ, ಹದಿನೆಂಟು ಬೈಟ್ ಎಂಬುದನ್ನು ನೆನೆದರೆ ಈ ಮಿತಿ ಎಷ್ಟು ಇಕ್ಕಟ್ಟು ಎಂಬುದು ಗೊತ್ತಾಗುತ್ತದೆ. ಉದ್ದದ ಮಾತನ್ನು ಎರಡು ಸಂದೇಶವಾಗಿ ಒಡೆಯಬೇಕಾದಾಗ ಪದಗಳ ನಡುವಿನ ಖಾಲಿ ಜಾಗದಲ್ಲೇ ಒಡೆಯಬೇಕು. ಒತ್ತಕ್ಷರದ ನಡುವೆ ಒಡೆದರೆ ಎರಡನೆಯ ಸಂದೇಶ ಆಸರೆಯಿಲ್ಲದ ಚಿಹ್ನೆಯಿಂದ ಶುರುವಾಗಿ ಚುಕ್ಕೆಗಳ ವೃತ್ತವೊಂದು ತೆರೆಯ ಮೇಲೆ ಬೀಳಬಹುದು.

ಕಳಿಸುವ ಕಡೆಯಲ್ಲಿ ತೊಡಕು ಕಡಿಮೆ. ರೈಟರ್‌ನ ‘ರೈಟ್’ ಕರೆ ಬೈಟ್‌ಗಳನ್ನು ಬಫರ್‌ಗೆ ಹಾಕಿ ಕೂಡಲೇ ಮರಳುತ್ತದೆ. ಅದರ ಹಿಂದೆಯೇ ‘ಡ್ರೈನ್’ ಎಂಬುದನ್ನು ಅವೇಟ್ ಮಾಡಬೇಕು. ಬಫರ್ ತುಂಬಿದ್ದರೆ ಅದು ಇಳಿಯುವವರೆಗೆ ತಡೆಯುತ್ತದೆ, ಇಲ್ಲದಿದ್ದರೆ ಕೂಡಲೇ ಬಿಡುತ್ತದೆ. ಕೀಬೋರ್ಡಿನಿಂದ ಬಂದದ್ದು, ಜೀವಂತಿಕೆಯ ಮಿಡಿತ, ಮರುಕಳಿಸಬೇಕಾದ ಹಳೆಯ ಸಂದೇಶ ಹೀಗೆ ಹಲವು ಮೂಲಗಳಿಂದ ಬರೆಯುವುದಿದ್ದರೆ ಎಲ್ಲವನ್ನೂ ಒಂದು ಸರದಿಗೆ ಹಾಕಿ, ‘ಕಳಿಸು’ ಎಂಬ ಒಂದೇ ಕೊರೂಟೀನ್ ಅದರಿಂದ ಎತ್ತಿ ಬರೆಯುವಂತೆ ಮಾಡುವುದು ಲೇಸು. ಏಸಿಯೋದಲ್ಲಂತೂ ಒಂದು ಬರಹ ಮುಗಿಯುವ ಮೊದಲು ಇನ್ನೊಂದನ್ನು ಶುರುಮಾಡುವಂತೆಯೇ ಇಲ್ಲ.

ಬರೆದಾಯಿತು ಎಂದ ಮಾತ್ರಕ್ಕೆ ಮುಟ್ಟಿತು ಎಂದಲ್ಲ. ಡ್ರೈನ್ ಮುಗಿದರೂ ಬೈಟ್‌ಗಳು ಇನ್ನೂ ಈ ಫೋನಿನ ಕರ್ನಲ್‌ನೊಳಗೇ ಇರಬಹುದು. ಆ ತುದಿಯ ಪ್ರೋಗ್ರಾಂ ಓದಿ, ‘ಸಿಕ್ಕಿತು’ ಎಂದು ಮರಳಿ ಹೇಳಿದಾಗ ಮಾತ್ರ ಮುಟ್ಟಿದಂತೆ. ಹಟ್ಟಿಯಲ್ಲಿ ಈ ರೀತಿಯ ಒಪ್ಪಂದ ಹೊಸದೇನಲ್ಲ. 1947ರಲ್ಲಿ ಹೈದರಾಬಾದ್ ಗೋಲ್ಡ್ ಮೈನ್ಸ್ ಎಂಬ ಹೆಸರಲ್ಲಿ ಶುರುವಾಗಿ, ರಾಜ್ಯಗಳ ಪುನರ್ವಿಂಗಡಣೆಯ ನಂತರ ಹಟ್ಟಿ ಚಿನ್ನದ ಗಣಿ ಕಂಪನಿಯಾದ ಸಂಸ್ಥೆಯ ಗಣಿಯಲ್ಲಿ ಮಲ್ಲಪ್ಪ ಶಾಫ್ಟ್, ಸೆಂಟ್ರಲ್ ಶಾಫ್ಟ್, ವಿಲೇಜ್ ಶಾಫ್ಟ್‌ಗಳ ಮೂಲಕ ಜನ ನೆಲದಡಿಗೆ ಇಳಿಯುತ್ತಾ ಬಂದಿದ್ದಾರೆ. ಜನರನ್ನು ಇಳಿಸಿ ಏರಿಸುವ ಕೇಜ್ ಎಳೆಯುವ ಎಂಜಿನ್ನಿನ ಚಾಲಕ ಮೇಲೆ, ಕೇಜ್ ಹತ್ತುವವರು ಕೆಳಗೆ; ಒಬ್ಬರಿಗೊಬ್ಬರು ಕಾಣುವುದಿಲ್ಲ. ದೇಶದ ಗಣಿ ನಿಬಂಧನೆಗಳು ಇವರ ನಡುವಿನ ಮಾತಿಗೆ ಗಂಟೆಯ ಸಂಕೇತಗಳನ್ನು ಗೊತ್ತುಮಾಡಿವೆ. ಎಂಜಿನ್ ನಿಂತಿರುವಾಗ ಒಂದು ಗಂಟೆಯೆಂದರೆ ಮೇಲೆತ್ತು. ಓಡುತ್ತಿರುವಾಗ ಅದೇ ಒಂದು ಗಂಟೆಯೆಂದರೆ ನಿಲ್ಲಿಸು. ಎರಡು ಗಂಟೆಯೆಂದರೆ ಇಳಿಸು. ಮೂರು ಗಂಟೆಯೆಂದರೆ ಜನ ಹತ್ತುವವರಿದ್ದಾರೆ; ಮೇಲಿನಿಂದ ಮರಳಿ ಮೂರು ಗಂಟೆ ಕೇಳಿದ ಮೇಲೇ ಅವರು ಕೇಜಿನೊಳಗೆ ಕಾಲಿಡಬೇಕು.

ಚಾಟ್ ಪ್ರೋಟೋಕಾಲಿಗೆ ಬೇಕಾದ ಎರಡು ಮುಖ್ಯ ಸಂಗತಿಗಳು ಈ ಗಂಟೆಗಳಲ್ಲಿವೆ. ಒಂದು, ಸಂಕೇತದ ಅರ್ಥ ಸ್ಥಿತಿಯನ್ನು ಅವಲಂಬಿಸಿದೆ. ಕ್ಲೈಂಟ್ ಕೂಡ ಸಂಪರ್ಕವಾಗುತ್ತಿದೆ, ಲಾಗಿನ್ ಆಗುತ್ತಿದೆ, ಮಾತಿಗೆ ಸಿದ್ಧವಿದೆ, ಮುಚ್ಚುತ್ತಿದೆ ಎಂಬ ಸ್ಥಿತಿಗಳಲ್ಲಿ ಯಾವುದರಲ್ಲಿದ್ದೇನೆ ಎಂಬುದನ್ನು ಒಂದೇ ಜಾಗದಲ್ಲಿ ಬರೆದಿಟ್ಟುಕೊಂಡು, ಬಂದ ಪ್ರತಿ ಸಾಲನ್ನೂ ಅದರ ಜೊತೆಗಿಟ್ಟು ಓದಬೇಕು. ಲಾಗಿನ್ ಮುಗಿಯುವ ಮೊದಲೇ ಟೈಪ್ ಮಾಡಿದ್ದು ಸರದಿಯಲ್ಲಿ ಕಾಯಬೇಕು, ಸರ್ವರ್‌ಗೆ ಹೋಗಬಾರದು. ಎರಡು, ಮರುದನಿ ಬರುವವರೆಗೆ ಮುಂದಿನ ಹೆಜ್ಜೆಯಿಲ್ಲ. ಪ್ರತಿ ಸಂದೇಶಕ್ಕೂ ಕ್ಲೈಂಟ್ ಒಂದು ಗುರುತು ಸಂಖ್ಯೆ ಕೊಟ್ಟು, ಸರ್ವರ್ ಅದೇ ಸಂಖ್ಯೆಯನ್ನು ಮರಳಿ ಹೇಳುವವರೆಗೆ ತನ್ನ ಬಳಿ ಪ್ರತಿ ಇಟ್ಟುಕೊಂಡು, ಹೇಳಿದ ಮೇಲಷ್ಟೇ ಟಿಕ್ ಗುರುತು ತೋರಿಸಬೇಕು. ಮರುದನಿ ಬಾರದೆ ಸಂಪರ್ಕ ಕಡಿದರೆ, ಮತ್ತೆ ಜೋಡಿಸಿದಾಗ ಅದೇ ಸಂಖ್ಯೆಯೊಂದಿಗೆ ಮತ್ತೆ ಕಳಿಸಬೇಕು. ಮೊದಲ ಸಲವೇ ಮುಟ್ಟಿದ್ದು ಮರುದನಿ ಮಾತ್ರ ದಾರಿಯಲ್ಲಿ ಕಳೆದಿದ್ದರೆ ಸರ್ವರ್ ಸಂಖ್ಯೆ ನೋಡಿ ಎರಡನೆಯದನ್ನು ಬಿಟ್ಟುಬಿಡುತ್ತದೆ. ಹೊಸ ಸಂಖ್ಯೆ ಕೊಟ್ಟು ಕಳಿಸಿದರೆ ಒಂದೇ ಮಾತು ಎರಡು ಸಲ ಕಾಣಿಸುತ್ತದೆ.

ಸಂಪರ್ಕ ಕಡಿದದ್ದು ಗೊತ್ತಾಗುವುದಾದರೂ ಹೇಗೆ? ಹಟ್ಟಿಯಿಂದ ಲಿಂಗಸುಗೂರಿಗೆ ಹೊರಟವರ ಫೋನ್ ಮನೆಯ ವೈಫೈ ಬಿಟ್ಟು ಮೊಬೈಲ್ ಡೇಟಾ ಹಿಡಿದ ಕ್ಷಣ ಅದರ ಐಪಿ ವಿಳಾಸ ಬದಲಾಗುತ್ತದೆ. ಹಳೆಯ ವಿಳಾಸಕ್ಕೆ ಕಟ್ಟಿಕೊಂಡಿದ್ದ ಟಿಸಿಪಿ ಸಂಪರ್ಕ ಅಲ್ಲಿಗೇ ಮುಗಿಯಿತು, ಆದರೆ ಸರ್ವರ್‌ಗೆ ಅದನ್ನು ಯಾರೂ ಹೇಳಿರುವುದಿಲ್ಲ. ಸಿಗ್ನಲ್ ಇಲ್ಲದ ಜಾಗದಲ್ಲೂ ಇದೇ ಕತೆ: ರೀಡ್‌ಲೈನ್ ಸುಮ್ಮನೆ ಕಾಯುತ್ತಿರುತ್ತದೆ, ಏಕೆಂದರೆ ಮೌನಕ್ಕೂ ಕಡಿತಕ್ಕೂ ಅದಕ್ಕೆ ವ್ಯತ್ಯಾಸ ಕಾಣುವುದಿಲ್ಲ. ಏನಾದರೂ ಬರೆದಿದ್ದರೆ ಲಿನಕ್ಸ್ ಮರುಕಳಿಸುತ್ತಾ ಹೋಗಿ ಹದಿನೈದು ನಿಮಿಷಕ್ಕೂ ಹೆಚ್ಚು ಹೊತ್ತಾದ ಮೇಲೆ ಕೈಬಿಡುತ್ತದೆ. ಏನನ್ನೂ ಬರೆಯದಿದ್ದರೆ ಕೀಪ್‌ಅಲೈವ್ ಎಂಬ ಟಿಸಿಪಿಯ ಸ್ವಂತ ಏರ್ಪಾಡು ಉಂಟು. ಕೇಳಿ ಆನ್ ಮಾಡಿಕೊಂಡರೂ ಅದರ ಮೊದಲ ವಿಚಾರಣೆ ರೂಢಿಯಂತೆ ಎರಡು ಗಂಟೆಯ ನಂತರ. ಚಾಟ್‌ಗೆ ಇದು ಸಾಲದು. ಆದ್ದರಿಂದ ‘ಮಿಡಿ’ ಎಂಬ ಮೂರನೆಯ ಕೊರೂಟೀನ್ ಮೂವತ್ತು ಸೆಕೆಂಡಿಗೊಮ್ಮೆ ಒಂದು ಸಣ್ಣ ‘ಪಿಂಗ್’ ಸಾಲನ್ನು ಸರದಿಗೆ ಹಾಕುತ್ತದೆ, ಸರ್ವರ್ ‘ಪಾಂಗ್’ ಎನ್ನಬೇಕು. ಈ ಎರಡು ಹೆಸರುಗಳು ಐಆರ್‌ಸಿಯಿಂದಲೇ ರೂಢಿಯಲ್ಲಿವೆ. ಓದುವ ಕಡೆಯಲ್ಲಿ ರೀಡ್‌ಲೈನನ್ನು ಎಪ್ಪತ್ತೈದು ಸೆಕೆಂಡಿನ ಟೈಮ್‌ಔಟ್‌ನಲ್ಲಿ ಇಟ್ಟರೆ, ಎರಡು ಮಿಡಿತಕ್ಕೂ ಉತ್ತರವಿಲ್ಲದಾಗ ಸಂಪರ್ಕ ಸತ್ತಿದೆ ಎಂದು ತೀರ್ಮಾನಿಸಬಹುದು. ಇಲ್ಲೊಂದು ಒಳ್ಳೆಯ ಗುಣವಿದೆ: ಟೈಮ್‌ಔಟ್ ಆದಾಗ ಅರ್ಧ ಬಂದಿದ್ದ ಸಾಲು ರೀಡರಿನ ಬಫರ್‌ನಲ್ಲೇ ಉಳಿಯುತ್ತದೆ, ಮತ್ತೆ ಓದಲು ಹೊರಟರೆ ಅದರಿಂದಲೇ ಮುಂದುವರಿಯುತ್ತದೆ.

ಸತ್ತ ಸಂಪರ್ಕವನ್ನು ಮುಚ್ಚಿ ಹೊಸದಕ್ಕೆ ಪ್ರಯತ್ನಿಸುವಾಗ ಅವಸರ ಕೂಡದು. ಸರ್ವರ್ ಬಿದ್ದು ಎದ್ದಾಗ ಅದಕ್ಕೆ ಅಂಟಿಕೊಂಡಿದ್ದ ಎಲ್ಲ ಕ್ಲೈಂಟ್‌ಗಳೂ ಒಂದೇ ಕ್ಷಣಕ್ಕೆ ಮುಗಿಬಿದ್ದರೆ ಅದು ಮತ್ತೆ ಬೀಳುತ್ತದೆ. ಮೊದಲ ಸಲ ಒಂದು ಸೆಕೆಂಡ್, ಆಮೇಲೆ ಎರಡು, ನಾಲ್ಕು, ಎಂಟು ಹೀಗೆ ಒಂದು ನಿಮಿಷದವರೆಗೆ ಅಂತರವನ್ನು ಬೆಳೆಸುತ್ತಾ ಹೋಗಬೇಕು. ಪ್ರತಿ ಅಂತರಕ್ಕೂ ಸ್ವಲ್ಪ ಯಾದೃಚ್ಛಿಕ ಏರಿಳಿತ ಸೇರಿಸಬೇಕು. ಇಲ್ಲದಿದ್ದರೆ ಊರಿಗೆಲ್ಲ ಕರೆಂಟ್ ಬಂದ ಗಳಿಗೆಯಲ್ಲಿ ಒಟ್ಟಿಗೆ ಎದ್ದ ಕ್ಲೈಂಟ್‌ಗಳು ಎಂಟು ಸೆಕೆಂಡಿನ ಅಂತರದ ಮೇಲೂ ಒಟ್ಟಿಗೇ ಬಾಗಿಲು ತಟ್ಟುತ್ತವೆ. ಸಂಪರ್ಕ ನೆಲೆನಿಂತ ಮೇಲೆ ಲೆಕ್ಕವನ್ನು ಮತ್ತೆ ಒಂದಕ್ಕೆ ಇಳಿಸಬೇಕು.

ಈ ಕೊರೂಟೀನ್‌ಗಳು ಒಂದು ಸಂಪರ್ಕದ ಜೊತೆ ಒಟ್ಟಿಗೆ ಹುಟ್ಟಿ ಒಟ್ಟಿಗೆ ಮುಗಿಯಬೇಕು. ಕೇಳುವವನು ಸತ್ತು ಮಿಡಿಯುವವನು ಉಳಿದರೆ ಮುಚ್ಚಿದ ಸಂಪರ್ಕಕ್ಕೆ ಪಿಂಗ್ ಹೋಗುತ್ತಲೇ ಇರುತ್ತದೆ. 2022ರ ಪೈಥಾನ್ 3.11ರಲ್ಲಿ ಬಂದ ‘ಟಾಸ್ಕ್ ಗ್ರೂಪ್’ ಈ ಶಿಸ್ತನ್ನು ತಾನೇ ನೋಡಿಕೊಳ್ಳುತ್ತದೆ: ಗುಂಪಿನ ಒಂದು ಕೆಲಸ ತಪ್ಪಿನಿಂದ ನಿಂತರೆ ಉಳಿದವನ್ನೂ ರದ್ದು ಮಾಡಿ, ಎಲ್ಲವೂ ಮುಗಿದ ಮೇಲೆ ಆ ತಪ್ಪನ್ನು ಹೊರಗೆ ಕೊಡುತ್ತದೆ. ಹೊರಗಿರುವ ಮರುಜೋಡಣೆಯ ಲೂಪ್ ಅದನ್ನು ಹಿಡಿದು ಮುಂದಿನ ಪ್ರಯತ್ನಕ್ಕೆ ಹೋಗುತ್ತದೆ. ಕಳಿಸಬೇಕಾದ ಸರದಿ ಮತ್ತು ಮರುದನಿ ಕಾಯುತ್ತಿರುವ ಸಂದೇಶಗಳ ಪಟ್ಟಿ ಮಾತ್ರ ಈ ಗುಂಪಿನ ಹೊರಗೆ ಇರಬೇಕು, ಅವು ಸಂಪರ್ಕಕ್ಕಿಂತ ಹೆಚ್ಚು ಕಾಲ ಬಾಳುವಂಥವು. ರದ್ದಾಗುವಾಗ ಬರುವ ‘ಕ್ಯಾನ್ಸಲ್ಡ್’ ಸೂಚನೆಯನ್ನು ಎಲ್ಲ ತಪ್ಪುಗಳ ಜೊತೆ ಸೇರಿಸಿ ನುಂಗಿಹಾಕಬಾರದು. ಟಾಸ್ಕ್ ಗ್ರೂಪ್ ಬಳಸದೆ ಬಿಡಿಬಿಡಿಯಾಗಿ ಟಾಸ್ಕ್ ಹುಟ್ಟಿಸುವುದಾದರೆ ಅದನ್ನು ಒಂದು ವೇರಿಯಬಲ್‌ನಲ್ಲಿ ಹಿಡಿದಿಟ್ಟುಕೊಳ್ಳಬೇಕು. ಲೂಪ್ ಅದನ್ನು ಗಟ್ಟಿಯಾಗಿ ಹಿಡಿದಿರುವುದಿಲ್ಲ, ನಡುವೆಯೇ ಮಾಯವಾಗಬಹುದು.

ಮಾತು ಗುಟ್ಟಾಗಿರಲು ಬೈಟ್‌ಗಳನ್ನು ಗೂಢವಾಗಿಸಿ ಸಾಗಿಸುವ ಟಿಎಲ್‌ಎಸ್ ಬೇಕು. ಲೈಬ್ರರಿಯ ರೂಢಿ ವ್ಯವಸ್ಥೆಯನ್ನು ಸಂಪರ್ಕದ ಕರೆಗೆ ಜೊತೆಮಾಡಿದರೆ ಸಾಕು, ಸರ್ವರಿನ ಪ್ರಮಾಣಪತ್ರದ ತಪಾಸಣೆಯೂ ಅದರಲ್ಲೇ ಆಗುತ್ತದೆ. ಪರೀಕ್ಷೆಗೆ ಅಡ್ಡಿಯೆಂದು ಆ ತಪಾಸಣೆಯನ್ನು ತೆಗೆದವರು ಮತ್ತೆ ಹಾಕಲು ಮರೆಯುವುದು ತೀರಾ ಸಾಮಾನ್ಯ, ತೀರಾ ಅಪಾಯ.

ಕೊನೆಯದು ಪರೀಕ್ಷೆ. ಅಸಿಂಕ್‌ಐಒದ ‘ಸ್ಟಾರ್ಟ್ ಸರ್ವರ್’ ಬಳಸಿ ಇಪ್ಪತ್ತು ಮೂವತ್ತು ಸಾಲಿನಲ್ಲಿ ಒಂದು ಕಿರುಸರ್ವರ್ ಬರೆಯಬಹುದು. ಅದು ಬೇಕೆಂದೇ ತೊಂದರೆ ಕೊಡುವಂತಿರಬೇಕು. ‘ಹಟ್ಟಿ’ಯ ಹದಿನೈದು ಬೈಟ್ ಮತ್ತು ಹೊಸ ಸಾಲನ್ನು ಒಂದೊಂದೇ ಬೈಟಾಗಿ, ನಡುವೆ ಅರ್ಧ ಸೆಕೆಂಡ್ ಬಿಟ್ಟು ಕಳಿಸಬೇಕು, ಕ್ಲೈಂಟ್ ಏಳೂವರೆ ಸೆಕೆಂಡ್ ಸುಮ್ಮನಿದ್ದು ಒಮ್ಮೆಗೇ ‘ಹಟ್ಟಿ’ ಎಂದು ತೋರಿಸಬೇಕು, ಅಷ್ಟು ಹೊತ್ತೂ ಟೈಪ್ ಮಾಡಲು ಬಿಡಬೇಕು. ಮೂರು ಸಂದೇಶಗಳನ್ನು ಒಂದೇ ಬರಹದಲ್ಲಿ ಅಂಟಿಸಿ ಕಳಿಸಿದರೆ ಮೂರಾಗಿಯೇ ಕಾಣಬೇಕು. ಸಂದೇಶ ತೆಗೆದುಕೊಂಡು ಮರುದನಿ ಕೊಡದೆ ಸಂಪರ್ಕ ಮುಚ್ಚಿದರೆ ಕ್ಲೈಂಟ್ ಮರಳಿ ಬಂದು ಅದೇ ಸಂಖ್ಯೆಯಲ್ಲಿ ಮತ್ತೆ ಕಳಿಸಬೇಕು. ಸಂಪರ್ಕ ಮುಚ್ಚದೆ ಪಿಂಗ್‌ಗೆ ಉತ್ತರವನ್ನಷ್ಟೇ ನಿಲ್ಲಿಸಿದರೆ ಎಪ್ಪತ್ತೈದನೆಯ ಸೆಕೆಂಡಿಗೆ ತಾನೇ ಕಡಿದುಕೊಳ್ಳಬೇಕು. ಆಮೇಲೆ ಕಿರುಸರ್ವರ್ ತೆಗೆದು ನಿಜವಾದ ಸರ್ವರಿನ ವಿಳಾಸ ಹಾಕಬಹುದು.